ನಮ್ಮ ನಾಡಿನ ಚರಿತ್ರೆಯಲ್ಲಿ ಡಿಸೆಂಬರ ತಿಂಗಳು

ಡಿಸೆಂಬರ ಎಂಬದು ಲ್ಯಾಟಿನ್ ಭಾಷೆಯಿಂದ ಬಂದ ಹೆಸರು. ಆ ಭಾಷೆಯಲ್ಲಿ 'ಡೆಕೆಮ್' ಎಂದರೆ ಹತ್ತು. ಸಂಸ್ಕೃತದ 'ದಶ' ಶಬ್ದಕ್ಕೂ ಇದಕ್ಕೂ ಅಕ್ಕತಂಗಿಯರ ಸಂಬಂಧವಿರುವದು. ಸೆಪ್ಟೆಂಬರದಲ್ಲಿ 'ಸಪ್ತ'ವೂ, ಅಕ್ಟೋಬರದಲ್ಲಿ 'ಅಷ್ಟ'ವೂ, ನವೆಂಬರದಲ್ಲಿ 'ನವ'ವೂ ಅಡಗಿರುವದನ್ನು ಜಾಣೆಯರಾದ ವಿದ್ಯಾರ್ಥಿನಿಯರು ತಾವಾಗಿಯೇ ಕಂಡುಕೊಳ್ಳಬಹುದು. ಪುರಾತನ ರೋಮನರ ವರ್ಷವು ಮಾರ್ಚ ತಿಂಗಳಿನಿಂದ ಮೊದಲಾಗುತ್ತಿದ್ದುದರಿಂದ ಇದು ಹತ್ತನೆಯ ತಿಂಗಳಾಗಿತ್ತು; ಬಳಿಕ ವರ್ಷದ ಮೊದಲು ಜನವರಿಗೆ ಸರಿದರೂ ಹಳೆಯ ಹೆಸರು ಹಾಗೆಯೇ ಉಳಿಯಿತು.

ನಮ್ಮ ಸೀಮೆಯ ಒಕ್ಕಲಿಗನಿಗೆ ಇದು ಮಾರ್ಗಶಿರ, ಪುಷ್ಯ ಮಾಸಗಳ ಕಾಲ. ನವಲಗುಂದ, ಅಣ್ಣಿಗೇರಿಗಳ ಎರೆಯ ಹೊಲಗಳಲ್ಲಿ ಹಿಂಗಾರಿ ಜೋಳವೂ ಕಡಲೆಯೂ ಕುಸುಬೆಯೂ ಬೆಳೆದು ನಿಂತಿರುವವು. ಎಳ್ಳಮಾವಾಸ್ಯೆಯ ದಿವಸ ಹೆಂಗಸರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವರು. ನೋಡಿದರೆ ಬಹು ಶಾಂತವಾದ ತಿಂಗಳು. ಆದರೆ ಚರಿತ್ರೆಯ ಪುಟಗಳನ್ನು ತಿರುವಿದರೆ ಈ ಪ್ರಾಂತದ ಹಣೆಬರಹವನ್ನು ಬದಲಿಸಿದ ಎಷ್ಟೋ ಸಂಗತಿಗಳು ಇದೇ ತಿಂಗಳಿನಲ್ಲಿ ನಡೆದಿರುವದು ಕಂಡುಬರುತ್ತದೆ. ಇದು ಬರಿಯ ಆಕಸ್ಮಿಕವೋ, ಅಥವಾ ಇದಕ್ಕೆ ಕಾರಣವುಂಟೋ ಎಂಬದನ್ನು ವಿಚಾರಿಸುವದು ಈ ಲೇಖನದ ಉದ್ದೇಶ.

ಮೊದಲನೆಯ ಕಾರಣವು ನಮ್ಮ ಕಾಲ ಕೆಳಗೇ ಇರುವದು. ಎರೆಯ ಮಣ್ಣು ಮಳೆಗಾಲದಲ್ಲಿ ಎಂಥದೆಂದು ನವಲಗುಂದ ತಾಲೂಕಿನ ಹುಡುಗಿಯರಿಗೆ ಹೇಳಬೇಕಾಗಿಲ್ಲ. ಬಂಡಿಯ ಗಾಲಿಗಳು ಅಚ್ಚಿನವರೆಗೆ ಹೂಳುವವು. ಬೆಣ್ಣೆಹಳ್ಳವೂ ತುಪ್ಪರಿಹಳ್ಳವೂ ತುಂಬಿದರೆ ಊರಿಂದೂರಿಗೆ ಹೋಗುವ ದಾರಿಯೇ ಕಟ್ಟಿಹೋಗುವದು. ಡಾಂಬರು ರಸ್ತೆಗಳಿಲ್ಲದ ಕಾಲದಲ್ಲಿ ತೋಪಿನ ಗಾಡಿಗಳನ್ನು ಎಳೆದುಕೊಂಡು ಈ ನೆಲದ ಮೇಲೆ ದಂಡು ನಡೆಯುವದು ಸಾಧ್ಯವೇ ಇರಲಿಲ್ಲ. ದಸರೆಯಲ್ಲಿ ಸೀಮೋಲ್ಲಂಘನ ಮಾಡಿ ಹೊರಟ ದಂಡು ನೆಲ ಒಣಗಿ ಗಟ್ಟಿಯಾಗುವ ಹೊತ್ತಿಗೆ, ಕುದುರೆಗಳಿಗೆ ಹೊಲದಲ್ಲಿ ಹಸಿರು ಮೇವಿರುವಾಗ, ವೈರಿಯ ಕೋಟೆಯ ಮುಂದೆ ನಿಲ್ಲುತ್ತಿತ್ತು. ಆದ್ದರಿಂದ ನವೆಂಬರ, ಡಿಸೆಂಬರ, ಜನವರಿಗಳು ಯುದ್ಧದ ತಿಂಗಳುಗಳಾಗಿದ್ದವು. ಒಕ್ಕಲಿಗನ ಬೆಳೆ ಹೊಲದಲ್ಲಿ ನಿಂತಿರುವ ಕಾಲವೂ ಅದೇ ಎಂಬದನ್ನು ಮರೆಯಬಾರದು. ರಾಜರು ಯಾರೇ ಗೆಲ್ಲಲಿ, ಮೇವು ಅವನದೇ ಹೋಗುತ್ತಿತ್ತು.

ಹೀಗೆ 1817ನೆಯ ಇಸವಿಯ ಡಿಸೆಂಬರದಲ್ಲಿ ಯುದ್ಧವು ನವಲಗುಂದಕ್ಕೆ ಬಂದಿತು. ಅದೇ ವರ್ಷದ ಜೂನದಲ್ಲಿ ಪುಣೆಯಲ್ಲಾದ ಕರಾರಿನ ಪ್ರಕಾರ ಪೇಶವೆಯು ಧಾರವಾಡದ ಕೋಟೆಯನ್ನು ಇಂಗ್ರೇಜರ ಕಂಪನಿಗೆ ಬಿಟ್ಟುಕೊಟ್ಟಿದ್ದನು. ನವೆಂಬರ 5ರಂದು ಪುಣೆಯ ಹತ್ತಿರ ಖಡಕಿಯಲ್ಲಿ ಇಬ್ಬರಿಗೂ ಯುದ್ಧವಾಯಿತು. ಆಗ ಧಾರವಾಡದಲ್ಲಿದ್ದ ಥಾಮಸ್ ಮನ್ರೋ ಎಂಬವನಿಗೆ ಸುತ್ತಲಿನ ಪೇಶವೆಯ ಮುಲುಕನ್ನು ಹಿಡಿಯಬೇಕಾಗಿತ್ತು. ಆದರೆ ಅವನ ಕೈಯಲ್ಲಿ ದಂಡು ಬಹಳ ಸ್ವಲ್ಪವಿತ್ತು. ಅದಕ್ಕಾಗಿ ಅವನು ಒಂದು ಉಪಾಯವನ್ನು ಮಾಡಿದನು. ದೇಶೀಯರಿಂದಲೇ ಪೇದೆಗಳ ಪಡೆಗಳನ್ನು ಕೂಡಿಸಿ, ಒಬ್ಬೊಬ್ಬ ಅಮಲ್ದಾರನನ್ನು ನೇಮಿಸಿ, ಊರುಗಳನ್ನು ವಶಪಡಿಸಿಕೊಂಡು ಕಂದಾಯವನ್ನು ವಸೂಲು ಮಾಡಲು ಕಳಿಸಿದನು. ರಾಮರಾವನೆಂಬ ಅಮಲ್ದಾರನು 500 ಪೇದೆಗಳೊಡನೆ ನವಲಗುಂದದ ಕಡೆಗೆ ನಡೆದನು. ಅಲ್ಲಿ ಗೋಖಲೆ ಮನೆತನದ ಗೋವಿಂದರಾವನು 700 ಕುದುರೆಗಳ ದಂಡಿನೊಡನೆ ಇದ್ದನು. ತಿಂಗಳಿನ ಮೂರನೆಯ ವಾರ ಕಳೆಯುವದರೊಳಗೆ ತಾಲೂಕಿನ ಅರ್ಧಕ್ಕಿಂತ ಹೆಚ್ಚಿನ ಭಾಗವು ರಾಮರಾವನ ಕೈಸೇರಿತ್ತು. ಕುದುರೆಯ ದಂಡು ಈ ಕಾಲಾಳುಗಳ ಮುಂದೆ ಸೋತಿತು. ಮುಂದಿನ ಜನವರಿಯಲ್ಲಿ ಗದಗ, ಡಂಬಳ, ಹುಬ್ಬಳ್ಳಿಗಳೂ ಮನ್ರೋನ ವಶವಾದವು. ನಮ್ಮ ಜಿಲ್ಲೆಯನ್ನು ಇಂಗ್ರೇಜರು ಗೆದ್ದರೆಂದು ನಾವು ಓದುತ್ತೇವೆ. ಗೆದ್ದ ಕೈಗಳಲ್ಲಿ ಹೆಚ್ಚಿನವು ಈ ನೆಲದವರ ಕೈಗಳೇ ಆಗಿದ್ದವೆಂಬದನ್ನೂ ಓದಬೇಕು.

ಏಳು ವರ್ಷಗಳ ಮೇಲೆ ಇದೇ ತಿಂಗಳು ಕಿತ್ತೂರಿಗೆ ಬಂದಿತು. ಕಿತ್ತೂರ ಈಗ ಬೆಳಗಾವಿ ಜಿಲ್ಲೆಯಲ್ಲಿದ್ದರೂ ಆಗ ಅದರ ಮೇಲಣ ವಿಚಾರಣೆಯು ಧಾರವಾಡದ ಕಲೆಕ್ಟರನಾದ ಸೇಂಟ್ ಜಾನ್ ಥ್ಯಾಕರೆಯ ಕೈಯಲ್ಲಿತ್ತು. 1824ರ ಸೆಪ್ಟೆಂಬರದಲ್ಲಿ ದೇಸಾಯಿ ಶಿವಲಿಂಗರುದ್ರಸರ್ಜನು ಮಕ್ಕಳಿಲ್ಲದೆ ತೀರಿಕೊಂಡನು. ದತ್ತಕ ಮಗನನ್ನು ಥ್ಯಾಕರೆಯು ಒಪ್ಪಲಿಲ್ಲ. ಮಲ್ಲಸರ್ಜ ದೇಸಾಯಿಯ ಕಿರಿಯ ರಾಣಿಯಾಗಿದ್ದ ಚೆನ್ನಮ್ಮನು ಸಂಸ್ಥಾನವನ್ನು ಬಿಟ್ಟುಕೊಡಲು ಒಪ್ಪಲಿಲ್ಲ. ಅಕ್ಟೋಬರ 23ರಂದು ಕೋಟೆಯ ಬಾಗಿಲಲ್ಲಿ ನಡೆದ ಕಾಳಗದಲ್ಲಿ ಥ್ಯಾಕರೆಯು ಹತನಾದನು. ಅವನ ಕೈಕೆಳಗಿನ ಸ್ಟೀವನ್ಸನ್ ಮತ್ತು ವಾಲ್ಟರ್ ಎಲಿಯಟ್ ಎಂಬ ಇಬ್ಬರು ತರುಣರು ಸೆರೆಸಿಕ್ಕರು. ಇಷ್ಟು ಕತೆಯನ್ನು ನಾವೆಲ್ಲರೂ ಬಲ್ಲೆವು; ಅಕ್ಟೋಬರದಲ್ಲಿ ಉತ್ಸವವನ್ನೂ ಮಾಡುತ್ತೇವೆ. ಡಿಸೆಂಬರದ ಕತೆಯನ್ನು ಅಷ್ಟು ಮಂದಿ ಹೇಳುವದಿಲ್ಲ.

ಕಮಿಶನರನಾದ ಚಾಪ್ಲಿನನು ಸೈನ್ಯವನ್ನು ಕೂಡಿಸಿದನು. ಕರ್ನಲ್ ಡೀಕನನ ಕೆಳಗೆ ದೊಡ್ಡ ದಂಡು ನವೆಂಬರದ ಕೊನೆಗೆ ಕಿತ್ತೂರಿನ ಮುಂದೆ ಬೀಡುಬಿಟ್ಟಿತು. ಸೆರೆಯವರನ್ನು ಬಿಟ್ಟರೆ ಮುಂದಿನ ಮಾತು ಎಂದು ಚಾಪ್ಲಿನನು ಹೇಳಿ ಕಳಿಸಿದನು. ಡಿಸೆಂಬರದ ಮೊದಲಲ್ಲಿ ಸ್ಟೀವನ್ಸನ್, ಎಲಿಯಟ್ ಇಬ್ಬರನ್ನೂ ಕೂದಲು ಕೊಂಕದಂತೆ ಬಿಟ್ಟುಕೊಡಲಾಯಿತು. ಆದರೂ ಮುತ್ತಿಗೆಯು ನಿಲ್ಲಲಿಲ್ಲ. 3ನೆಯ ತಾರೀಖಿನಿಂದ ಹೊಡೆದಾಟವು ನಡೆಯಿತು. ಸೊಲ್ಲಾಪುರದ ಸಬ್‌ಕಲೆಕ್ಟರನೂ ಥಾಮಸ್ ಮನ್ರೋನ ಸಂಬಂಧಿಕನೂ ಆಗಿದ್ದ ಕಿರಿಯ ಮನ್ರೋ ಈ ಕಾಳಗದಲ್ಲಿ ಮಡಿದನು. ತೋಪುಗಳು ಗೋಡೆಯನ್ನು ಒಡೆದವು. 5ನೆಯ ತಾರೀಖಿಗೆ ಕೋಟೆಯು ಬಿದ್ದಿತು. ಚೆನ್ನಮ್ಮನನ್ನು ಬೈಲಹೊಂಗಲದ ಕೋಟೆಯಲ್ಲಿ ಇರಿಸಿದರು. ನಾಲ್ಕು ವರ್ಷಗಳಿಗೂ ಮಿಕ್ಕಿದ ಆ ಸೆರೆವಾಸದಿಂದ ಆಕೆಯು ಬಿಡುಗಡೆಯಾಗಲಿಲ್ಲ. 1829ರ ಫೆಬ್ರುವರಿಯಲ್ಲಿ ಅಲ್ಲಿಯೇ ಮರಣ ಹೊಂದಿದಳು. ಗೆದ್ದ ದಿನವನ್ನು ಮಾತ್ರ ಕಲಿಯುವ ವಿದ್ಯಾರ್ಥಿನಿಗೆ ಚೆನ್ನಮ್ಮನ ಅರ್ಧ ಜೀವನವು ತಿಳಿಯದು. ಸೆರೆಯಾಳುಗಳನ್ನು ಕೊಲ್ಲದೆ ಕಾಪಾಡಿದ್ದೂ, ಬೈಲಹೊಂಗಲದ ಗೋಡೆಗಳ ನಡುವೆ ಆ ದಿನಗಳನ್ನು ಕಳೆದದ್ದೂ ಕೋಟೆಯ ಬಾಗಿಲಿನ ಕಾಳಗದಷ್ಟೇ ದೊಡ್ಡ ಸಂಗತಿಗಳೆಂದು ನನ್ನ ಎಣಿಕೆ.

ಬಿಡುಗಡೆ ಹೊಂದಿದ ಆ ಎಲಿಯಟನಿಗೆ ಆಗ 21 ವರ್ಷ. ಅವನು ಸೇಡಿನ ಮನಸ್ಸಿನಿಂದ ಈ ಸೀಮೆಯನ್ನು ಬಿಟ್ಟುಹೋಗಬಹುದಾಗಿತ್ತು. ಹಾಗೆ ಮಾಡದೆ, ಧಾರವಾಡ ಪ್ರಾಂತದಲ್ಲಿಯೇ ನೌಕರಿ ಮಾಡುತ್ತ, ಗುಡಿಗಳಲ್ಲಿಯೂ ಹೊಲಗಳ ಬದುವಿನಲ್ಲಿಯೂ ನಿಂತಿದ್ದ ಬರಹದ ಕಲ್ಲುಗಳನ್ನು ನಕಲು ಮಾಡಿಸತೊಡಗಿದನು. ಹೀಗೆ ಕೂಡಿಸಿದ ಶಾಸನಗಳ ಸಂಖ್ಯೆಯು 595. ಚಾಲುಕ್ಯರು, ರಾಷ್ಟ್ರಕೂಟರು, ಕಲಚುರಿಗಳು ಎಂಬ ಹೆಸರುಗಳನ್ನು ಇಂದು ನಾವು ಕ್ರಮವಾಗಿ ಬಾಯಿಪಾಠ ಮಾಡುವದಕ್ಕೆ ಆಧಾರವಾದ ಕೆಲಸಗಳಲ್ಲಿ ಇದು ಮೊದಲನೆಯದು. ಆ ಬಳಿಕ ಬಂದ ಜೆ. ಎಫ್. ಫ್ಲೀಟನು ಕನ್ನಡ ಜಿಲ್ಲೆಗಳ ಅರಸು ಮನೆತನಗಳ ಚರಿತ್ರೆಯನ್ನು ಬರೆಯುವಾಗ ಎಲಿಯಟನ ಈ ನಕಲುಗಳನ್ನು ಉಪಯೋಗಿಸಿಕೊಂಡನು.

ಆ ಕಲ್ಲುಗಳಲ್ಲಿಯೂ ಡಿಸೆಂಬರ ತಿಂಗಳು ಇರುವದೆಂದರೆ ಕೆಲವರಿಗೆ ಆಶ್ಚರ್ಯವಾಗಬಹುದು. ಗುಡಿಗೆ ಭೂಮಿಯನ್ನು, ಕೆರೆಗೆ ಹಣವನ್ನು ಬಿಟ್ಟುಕೊಟ್ಟಾಗ ಶಾಸನವು ದಿವಸವನ್ನು ಹೇಳುವದುಂಟು. ಅಂಥ ದಾನಗಳಿಗೆ ಜನರು ಬಹಳವಾಗಿ ಆರಿಸಿಕೊಂಡ ಪುಣ್ಯಕಾಲಗಳಲ್ಲಿ ಉತ್ತರಾಯಣ ಸಂಕ್ರಾಂತಿಯು ಒಂದು. ಈಗ ಸಂಕ್ರಾಂತಿಯು ಜನವರಿ 14ರ ಸುಮಾರಿಗೆ ಬರುವದಷ್ಟೆ. ಆದರೆ ಅಣ್ಣಿಗೇರಿಯ ಅಮೃತೇಶ್ವರನ ಗುಡಿಯು ಕಟ್ಟಲ್ಪಟ್ಟ ಸುಮಾರು 1050ನೆಯ ಇಸವಿಯ ಕಾಲದಲ್ಲಿ, ಆಗ ಯುರೋಪಿನಲ್ಲಿ ನಡೆಯುತ್ತಿದ್ದ ಪಂಚಾಂಗದ ಪ್ರಕಾರ ಅದು ಡಿಸೆಂಬರ 24 ಅಥವಾ 25ಕ್ಕೆ ಬರುತ್ತಿತ್ತು. ಇದಕ್ಕೆ ಎರಡು ಕಾರಣಗಳು. ನಮ್ಮ ಪಂಚಾಂಗದ ವರ್ಷವು ನಕ್ಷತ್ರಗಳನ್ನು ನೋಡಿ ಎಣಿಸಿದ್ದಾದ್ದರಿಂದ ಋತುಗಳ ವರ್ಷಕ್ಕಿಂತ ತುಸು ಉದ್ದವಾಗಿರುವದು, ಆದ್ದರಿಂದ ಸಂಕ್ರಾಂತಿಯು ನಿಧಾನವಾಗಿ ಮುಂದಕ್ಕೆ ಸರಿಯುತ್ತಿರುವದು. ಅಲ್ಲದೆ 1582ರಲ್ಲಿ ಯುರೋಪಿನವರು ತಮ್ಮ ಪಂಚಾಂಗವನ್ನು ತಿದ್ದುವಾಗ 10 ದಿವಸಗಳನ್ನು ಹಾರಿಸಿಬಿಟ್ಟರು. ಹೀಗಾಗಿ ಪುಷ್ಯಮಾಸದ ಸಂಕ್ರಾಂತಿಯ ಶಾಸನಗಳನ್ನು ಇಸವಿಗೆ ತಿರುಗಿಸಿ ಲೆಕ್ಕ ಹಾಕಿದಾಗ ಡಿಸೆಂಬರದ ಕೊನೆಯ ವಾರವು ಮತ್ತೆ ಮತ್ತೆ ಬರುವದು. ದೂರದ ಬೇರೆ ದೇಶಗಳಲ್ಲಿ ಕ್ರಿಸ್ತ ಜಯಂತಿಯ ದೀಪಗಳು ಉರಿಯುತ್ತಿದ್ದ ವಾರದಲ್ಲಿಯೇ ಇಲ್ಲಿಯ ಗೌಡರೂ ಸೆಟ್ಟರೂ ಕಲ್ಲಿನ ಮೇಲೆ ದಾನವನ್ನು ಬರೆಯಿಸುತ್ತಿದ್ದರು.

ಮಿಶನಿನ ಚರಿತ್ರೆಯಲ್ಲಿಯೂ ಈ ತಿಂಗಳಿಗೆ ಸ್ಥಾನವುಂಟು. ಹರ್ಮನ್ ಮೋಗ್ಲಿಂಗ್‌ನು ಹಡಗಿನಿಂದ ಮಂಗಳೂರಿಗೆ ಬಂದು ಇಳಿದದ್ದು 1836ರ ಡಿಸೆಂಬರದಲ್ಲಿ. ಮರುವರ್ಷವೇ ಬಾಸೆಲ್ ಮಿಶನ್ನಿನವರು ಘಟ್ಟವನ್ನು ಹತ್ತಿ ಧಾರವಾಡದಲ್ಲಿ ನೆಲೆಸಿದರು. ಕನ್ನಡದ ಮೊದಲನೆಯ ಸಮಾಚಾರ ಪತ್ರಿಕೆಯನ್ನು 1843ರಲ್ಲಿ ಹೊರಡಿಸಿದವನು ಈ ಮೋಗ್ಲಿಂಗನೇ. 1853ರಲ್ಲಿ ಬಂದ ಫರ್ಡಿನಂಡ್ ಕಿಟ್ಟೆಲನು ತನ್ನ ಮೊದಲ ವರ್ಷಗಳಲ್ಲಿ ಈ ಪ್ರಾಂತದಲ್ಲಿ ಸಂಚರಿಸಿ ಜನರ ಬಾಯಿಂದ ಭಾಷೆಯನ್ನು ಕಲಿತನು. ಸುಮಾರು 70,000 ಶಬ್ದಗಳುಳ್ಳ ಅವನ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. 1903ರ ಡಿಸೆಂಬರದಲ್ಲಿ ಜರ್ಮನಿಯ ಟ್ಯೂಬಿಂಗೆನ್ ಎಂಬ ಊರಲ್ಲಿ ಕಿಟ್ಟೆಲನು ತೀರಿಕೊಂಡನು. ಹಳ್ಳಿಯ ಮುದುಕಿಯರು ಆಡುವ ಮಾತೂ ನಿಘಂಟಿನಲ್ಲಿ ಬರೆಯಿಸಿಕೊಳ್ಳಲು ಯೋಗ್ಯವೆಂದು ತೋರಿಸಿದ್ದಕ್ಕಾಗಿ ಅವನನ್ನು ನೆನೆಯಬೇಕು.

ಇನ್ನು ಎರಡನೆಯ ಕಾರಣ. ಇಂಗ್ರೇಜರ ಆಳಿಕೆಯು ನೆಲೆಗೊಂಡ ಮೇಲೆ ಯುದ್ಧಗಳು ನಿಂತವು. ಆದರೆ ನಾತಾಳ ಎಂದು ಹಿರಿಯರು ಕರೆಯುತ್ತಿದ್ದ ಕ್ರಿಸ್ತ ಜಯಂತಿಯ ಸೂಟಿಯು ಬಂದಿತು. ಡಿಸೆಂಬರದ ಕೊನೆಯ ವಾರ ಕೋರ್ಟುಗಳು, ಕಚೇರಿಗಳು, ಕಾಲೇಜುಗಳು ಮುಚ್ಚುತ್ತಿದ್ದವು. ದೇಶದ ಕೆಲಸದಲ್ಲಿ ಮುಂದಾಗಿದ್ದವರು ಹೆಚ್ಚಾಗಿ ವಕೀಲರೂ ಶಿಕ್ಷಕರೂ ಆಗಿದ್ದುದರಿಂದ ಅವರಿಗೆ ರೇಲ್ವೆ ಹತ್ತಿ ದೂರ ಹೋಗಿ ಸಭೆ ಸೇರಲು ಅನುಕೂಲವಾದ ವಾರವೆಂದರೆ ಅದೊಂದೇ. 1885ರಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ಸಿನ ಮೊದಲನೆಯ ಸಭೆಯು ಕೂಡಿದ್ದು ಡಿಸೆಂಬರ 28ರಂದು. ಮುಂದೆ ಬಹು ಕಾಲ ಅದೇ ರೂಢಿಯಾಯಿತು. ಪರಕೀಯ ಸರಕಾರವು ಕೊಟ್ಟ ಸೂಟಿಯಲ್ಲಿಯೇ ಆ ಸರಕಾರವನ್ನು ಅಲುಗಾಡಿಸುವ ಗೊತ್ತುವಳಿಗಳಾದವು.

ಕನ್ನಡಿಗರ ಮಟ್ಟಿಗೆ ಇಂಥ ಮೊದಲನೆಯ ದೊಡ್ಡ ಡಿಸೆಂಬರವು 1920ರದು. ನಾಗಪುರದ ಕಾಂಗ್ರೆಸ್ಸು ಭಾಷೆಗನುಸಾರವಾಗಿ ಪ್ರಾಂತಗಳನ್ನು ಮಾಡಿಕೊಳ್ಳಲು ಒಪ್ಪಿತು. ಕರ್ನಾಟಕವು ಕಾಂಗ್ರೆಸ್ಸಿನ ಕಾಗದದ ಮೇಲಾದರೂ ಒಂದು ಪ್ರಾಂತವಾಯಿತು. ನೆಲದ ಮೇಲೆ ಅದು ಚೂರುಚೂರಾಗಿತ್ತು. ನವಲಗುಂದವೂ ಕಲಘಟಗಿಯೂ ಮುಂಬಯಿ ಇಲಾಖೆಯಲ್ಲಿ, ಬಳ್ಳಾರಿಯೂ ಮಂಗಳೂರೂ ಮದ್ರಾಸಿನಲ್ಲಿ, ಕಲಬುರ್ಗಿಯೂ ರಾಯಚೂರೂ ನಿಜಾಮನಲ್ಲಿ ಇದ್ದವು. ಕುಂದಗೋಳವಂತೂ ದೂರದ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದಾಗಿತ್ತು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೇಲ್ವೆಯಲ್ಲಿ ಹೋಗುವವನು ಗಂಟೆಯೊಳಗೆ ಒಂದು ರಾಜ್ಯದಿಂದ ಇನ್ನೊಂದಕ್ಕೆ ದಾಟುತ್ತಿದ್ದನು.

1924ರ ಡಿಸೆಂಬರ 26 ಮತ್ತು 27ರಂದು ಬೆಳಗಾವಿಯಲ್ಲಿ ಕಾಂಗ್ರೆಸ್ಸಿನ 39ನೆಯ ಅಧಿವೇಶನವು ನಡೆಯಿತು. ಮಹಾತ್ಮಾ ಗಾಂಧಿಯವರು ತಮ್ಮ ಜೀವನದಲ್ಲಿ ಅಧ್ಯಕ್ಷತೆ ವಹಿಸಿದ ಕಾಂಗ್ರೆಸ್ಸು ಇದೊಂದೇ. ಗಂಗಾಧರರಾವ ದೇಶಪಾಂಡೆಯವರು ಏರ್ಪಾಟಿನ ಮುಂದಾಳುಗಳು. ಸಭೆಯ ಸ್ಥಳಕ್ಕೆ ವಿಜಯನಗರವೆಂದು ಹೆಸರಿಟ್ಟು, ಹಂಪೆಯ ಗೋಪುರದ ಮಾದರಿಯಲ್ಲಿ ಮಹಾದ್ವಾರವನ್ನು ಕಟ್ಟಿದರು. ನೀರಿಗಾಗಿ ತೋಡಿದ ಬಾವಿಗೆ ಪಂಪಾ ಸರೋವರವೆಂಬ ಹೆಸರನ್ನು ಕೊಟ್ಟರು. ಆ ಬಾವಿಯು ಬೆಳಗಾವಿಯ ತಿಲಕವಾಡಿಯಲ್ಲಿ ಕಾಂಗ್ರೆಸ್ ಬಾವಿಯೆಂಬ ಹೆಸರಿನಿಂದ ಉಳಿದಿದೆ. ಕಾಂಗ್ರೆಸ್ಸಿನ ಸದಸ್ಯನಾಗುವವನು ನಾಲ್ಕಾಣೆಗೆ ಬದಲಾಗಿ ತಿಂಗಳಿಗೆ 2,000 ಗಜ ನೂಲನ್ನು ಕೊಡಬೇಕೆಂಬ ನಿಯಮವು ಇಲ್ಲಿ ಸ್ವೀಕೃತವಾಯಿತು. ಹಣವಿದ್ದವನು ನಾಲ್ಕಾಣೆಯನ್ನು ಬಿಸಾಡಬಲ್ಲನು, ನೂಲನ್ನು ಕುಳಿತು ತೆಗೆಯಬೇಕಾಗುತ್ತದೆ. ಈ ನಿಯಮವು ಬಹು ಕಾಲ ನಡೆಯಲಿಲ್ಲವೆಂದರೆ ಓದುವವರು ನಗಬಾರದು.

ಮುಂದಾಳುಗಳ ಭಾಷಣಗಳನ್ನು ಚರಿತ್ರೆಯ ಪುಸ್ತಕಗಳಲ್ಲಿ ಓದಬಹುದು. ನಮ್ಮ ಶಾಲೆಯಂಥ ಶಾಲೆಯವರು ವಿಶೇಷವಾಗಿ ತಿಳಿಯತಕ್ಕವರು ಇಬ್ಬರು.

ಒಬ್ಬರು ಉಮಾಬಾಯಿ ಕುಂದಾಪುರ. ಚಿಕ್ಕ ವಯಸ್ಸಿನಲ್ಲಿಯೇ ಮದುವೆಯಾದ ಇವರನ್ನು ಮಾವನಾದ ಆನಂದರಾಯರು ಓದಿಸಿದರು. 1923ರಲ್ಲಿ ಪತಿಯು ತೀರಿಕೊಂಡ ಮೇಲೆ ಹುಬ್ಬಳ್ಳಿಗೆ ಬಂದು ನೆಲೆಸಿ, ಅಲ್ಲಿಯ ತಿಲಕ ಕನ್ಯಾಶಾಲೆಯ ಹೊಣೆಯನ್ನು ಹೊತ್ತರು. ಅದೇ ಊರಿನ ಡಾಕ್ಟರ್ ನಾ. ಸು. ಹರ್ಡೀಕರರು ಅಮೇರಿಕೆಯ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಓದಿ ಬಂದವರು. 1923ರ ಡಿಸೆಂಬರದ ಕಾಕಿನಾಡ ಕಾಂಗ್ರೆಸ್ಸಿನ ಕಾಲಕ್ಕೆ ಅವರು ಹಿಂದುಸ್ಥಾನೀ ಸೇವಾದಳವನ್ನು ಸ್ಥಾಪಿಸಿದ್ದರು. ಉಮಾಬಾಯಿಯವರು ಅದರ ಸ್ತ್ರೀ ವಿಭಾಗವನ್ನು ನಡಿಸಿದರು. ಬೆಳಗಾವಿಯ ಅಧಿವೇಶನಕ್ಕಾಗಿ ಅವರು ಮನೆಮನೆಗೆ ಹೋಗಿ 150ಕ್ಕೂ ಹೆಚ್ಚು ಮಂದಿ ಸ್ವಯಂಸೇವಿಕೆಯರನ್ನು ಕೂಡಿಸಿದರು. ವಿಧವೆಯೊಬ್ಬಳು ಮನೆಯ ಮೂಲೆಯನ್ನು ಬಿಟ್ಟು ಹೊರಗೆ ಬರುವದೇ ದೋಷವೆಂದು ಎಣಿಸುತ್ತಿದ್ದ ಆ ಕಾಲದಲ್ಲಿ, ಗಂಡನನ್ನು ಕಳಕೊಂಡ ಮರುವರ್ಷವೇ ಒಬ್ಬ ಹೆಂಗಸು ಇಷ್ಟು ಮಂದಿ ಹೆಂಗಸರನ್ನು ಸಾವಿರಾರು ಜನರ ನಡುವೆ ಕೆಲಸಕ್ಕೆ ನಿಲ್ಲಿಸಿದ್ದು ಸಾಮಾನ್ಯ ಕಾರ್ಯವಲ್ಲ. 1932ರಲ್ಲಿ ಅವರು ಸೆರೆಮನೆಯನ್ನೂ ಕಂಡರು. 1992ರವರೆಗೆ ಬದುಕಿದ್ದ ಅವರು ಸ್ವಾತಂತ್ರ್ಯಯೋಧರಿಗೆ ಕೊಡುವ ತಾಮ್ರಪತ್ರವನ್ನು ಒಲ್ಲೆನೆಂದರು.

ಇನ್ನೊಬ್ಬಳು ಧಾರವಾಡದಲ್ಲಿ ಹುಟ್ಟಿದ 11 ವರ್ಷದ ಬಾಲಿಕೆ. ಅಧಿವೇಶನದಲ್ಲಿ ಹಾಡುವದಕ್ಕೆ ಆರಿಸಲ್ಪಟ್ಟ ಹುಡುಗಿಯರಲ್ಲಿ ಆಕೆಯೂ ಇದ್ದಳು. ಗಾಂಧಿಯವರ ಮುಂದೆ ಹಾಡಬೇಕಲ್ಲಾ ಎಂಬ ಅಂಜಿಕೆಗಿಂತ ಬೇರೊಂದು ಚಿಂತೆಯು ಆಕೆಯನ್ನು ಬಾಧಿಸುತ್ತಿತ್ತು. ಆಕೆಯ ಜಾತಿಯನ್ನು ಕೆಳಗಿನದೆಂದು ಎಣಿಸುತ್ತಿದ್ದರು. ಊಟವಾದ ಮೇಲೆ ಎಂಜಲೆಲೆಗಳನ್ನು ತೆಗೆಯೆಂದು ತನಗೆ ಹೇಳುವರೋ ಏನೋ ಎಂದು ಆಕೆಯು ಹೆದರಿದ್ದಳಂತೆ. ಅಸ್ಪೃಶ್ಯತೆಯು ಹೋಗಬೇಕೆಂದು ಅಧ್ಯಕ್ಷರು ಒತ್ತಿ ಹೇಳುತ್ತಿದ್ದ ಸಭೆಯಲ್ಲಿ ಹಾಡುವ ಮಗುವಿನ ಮನಸ್ಸಿನಲ್ಲಿದ್ದ ಭಯವು ಇದು! ಆ ಬಾಲಿಕೆಯೇ ಮುಂದೆ ಗಂಗೂಬಾಯಿ ಹಾನಗಲ್ಲರೆಂದು ಲೋಕಪ್ರಸಿದ್ಧರಾದರು. ದೊಡ್ಡವರಾದ ಮೇಲೆ ಅವರು ಹುಬ್ಬಳ್ಳಿಯಿಂದ ರೇಲ್ವೆ ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಗಾಯನವನ್ನು ಕಲಿತರು. ಮೇಲೆ ಹೇಳಿದ ಎರಡು ರಾಜ್ಯಗಳ ಗಡಿಯನ್ನು ಅವರು ದಾಟಿದ್ದು ಹಾಡಿಗಾಗಿ.

ಅದೇ ಬೆಳಗಾವಿಯಲ್ಲಿ ಗದಗಿನ ವಕೀಲರಾದ ಹುಯಿಲಗೋಳ ನಾರಾಯಣರಾಯರು ರಚಿಸಿದ ಕನ್ನಡ ನಾಡಿನ ಉದಯದ ಗೀತೆಯು ಹಾಡಲ್ಪಟ್ಟಿತು. ಹುಬ್ಬಳ್ಳಿಯ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಏಕೀಕರಣ ಪರಿಷತ್ತು ಸೇರಿತು. ಚೂರುಗಳನ್ನು ಜೋಡಿಸಬೇಕೆಂಬ ಕೂಗು ಅಲ್ಲಿಂದ ಊರೂರಿಗೆ ಹೋಯಿತು.

1929ರ ಡಿಸೆಂಬರದಲ್ಲಿ ಲಾಹೋರಿನ ಕಾಂಗ್ರೆಸ್ಸು ಪೂರ್ಣ ಸ್ವರಾಜ್ಯದ ಗೊತ್ತುವಳಿಯನ್ನು ಮಾಡಿತು. ಅಲ್ಲಿಯೇ ಇನ್ನೊಂದು ಚಿಕ್ಕ ಗೊತ್ತುವಳಿಯೂ ಆಯಿತು. ಡಿಸೆಂಬರದ ಚಳಿಯಲ್ಲಿ ಸಭೆ ನಡಿಸಿದರೆ ಬಡವರು ಹೆಚ್ಚಿನ ಬಟ್ಟೆಗಾಗಿ ಖರ್ಚು ಮಾಡಬೇಕಾಗುವದು, ಆದ್ದರಿಂದ ಅಧಿವೇಶನಗಳು ಫೆಬ್ರುವರಿ ಅಥವಾ ಮಾರ್ಚದಲ್ಲಿ ಆಗಲಿ ಎಂದು ಅದರ ಸಾರ. ವಕೀಲರ ಸೂಟಿಯನ್ನು ನೋಡುತ್ತಿದ್ದ ಸಭೆಯು ಬಡವರ ಮೈಯನ್ನು ನೋಡಲು ಕಲಿತ ಗುರುತು ಇದು.

ಸೂಟಿಯ ಕಾರಣವು ಹೀಗೆ ಹೋದರೂ ಡಿಸೆಂಬರವು ನಮ್ಮನ್ನು ಬಿಡಲಿಲ್ಲ. 1948ರ ಡಿಸೆಂಬರ 10ರಂದು ದಾರ್ ಸಮಿತಿಯು ತನ್ನ ವರದಿಯನ್ನು ಒಪ್ಪಿಸಿ, ಕೇವಲ ಭಾಷೆಯ ಮೇಲೆ ಪ್ರಾಂತಗಳನ್ನು ರಚಿಸುವದು ದೇಶಕ್ಕೆ ಹಿತವಲ್ಲವೆಂದು ಹೇಳಿತು. ಜಮಖಂಡಿ ಮೊದಲಾದ ಸಂಸ್ಥಾನಗಳು ಆ ವರ್ಷದ ಮಾರ್ಚದಲ್ಲಿ ಮುಂಬಯಿ ಪ್ರಾಂತದಲ್ಲಿ ಸೇರಿ ಕುಂದಗೋಳದ ಗಡಿಯು ಅಳಿಸಿದ್ದರಿಂದ ಸಂತೋಷಪಟ್ಟಿದ್ದ ಜನರಿಗೆ ಇದು ತಣ್ಣೀರೆರಚಿದಂತಾಯಿತು. 1952ರ ಡಿಸೆಂಬರ 15ರಂದು ಆಂಧ್ರ ಪ್ರಾಂತಕ್ಕಾಗಿ ಉಪವಾಸ ಕೈಕೊಂಡಿದ್ದ ಪೊಟ್ಟಿ ಶ್ರೀರಾಮುಲು ಅವರು ಮದ್ರಾಸಿನಲ್ಲಿ ಪ್ರಾಣಬಿಟ್ಟರು. ನಾಲ್ಕೇ ದಿವಸಗಳಲ್ಲಿ ಆಂಧ್ರಕ್ಕೆ ಒಪ್ಪಿಗೆ ದೊರೆಯಿತು. ಒಂದು ಜೀವವು ಹೋಗುವವರೆಗೆ ಕೇಳದ ಮಾತು ಹೋದ ಮೇಲೆ ಕೇಳಿಸಿದ್ದನ್ನು ಕಂಡ ಕನ್ನಡಿಗರು ಸುಮ್ಮನಿರಲಿಲ್ಲ. 1953ರ ಬೇಸಿಗೆಯಲ್ಲಿ ಹುಬ್ಬಳ್ಳಿಯ ಹತ್ತಿರದ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು 23 ದಿವಸ ಉಪವಾಸ ಮಾಡಿದರು. ಏಪ್ರಿಲ 19ರಂದು ಹುಬ್ಬಳ್ಳಿಯಲ್ಲಿ ಜನರು ಕೆರಳಿ ಗಲಭೆಯಾಯಿತು. ಅದೇ ವರ್ಷದ ಡಿಸೆಂಬರ 29ರಂದು ಕೇಂದ್ರ ಸರಕಾರವು ರಾಜ್ಯಗಳ ಪುನರ್ವಿಂಗಡಣೆಗಾಗಿ ಫಜಲ ಅಲಿ, ಹೃದಯನಾಥ ಕುಂಜರು, ಕೆ. ಎಂ. ಪಣಿಕ್ಕರ ಈ ಮೂವರ ಆಯೋಗವನ್ನು ನೇಮಿಸಿತು. ಆಯೋಗದ ವರದಿಯು 1955ರ ಸೆಪ್ಟೆಂಬರ 30ಕ್ಕೆ ಬಂದಿತು. 1956ರ ನವೆಂಬರ 1ನೆಯ ತಾರೀಖು ಗುರುವಾರ, ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ರಾಜ್ಯವನ್ನು ಬಿಟ್ಟು, 1973ರಲ್ಲಿ ಕರ್ನಾಟಕವೆಂದು ಹೆಸರು ಪಡೆಯಲಿದ್ದ ಹೊಸ ಮೈಸೂರು ರಾಜ್ಯವನ್ನು ಸೇರಿದವು.